ಬಿಸಿಲೇರಿದಷ್ಟೂ ವಿಡಿಯೊ ಮಸುಕಾಗುವುದೇಕೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಮದುವೆ ವಿಡಿಯೊಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿದ್ದಿರಬಹುದು. ಹಿಂದಿನ ರಾತ್ರಿ ಕಲ್ಯಾಣ ಮಂಟಪದೊಳಗೆ ವಿದ್ಯುದ್ದೀಪದ ಬೆಳಕಿನಲ್ಲಿ ತೆಗೆದ ದೃಶ್ಯದಲ್ಲಿ ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತದೆ. ಮರುದಿನ ನಡುಹಗಲಲ್ಲಿ, ಕಣ್ಣು ಬಿಡಲಾಗದಷ್ಟು ಬೆಳಕಿರುವಾಗ ತೆಗೆದ ಮೆರವಣಿಗೆಯಲ್ಲಿ ಅದೇ ಜರಿ ಬಟ್ಟೆಗೆ ಬಳಿದ ಹಳದಿ ಬಣ್ಣದಂತೆ ಕಾಣುತ್ತದೆ. ಫೋಕಸ್ ತಪ್ಪಿಲ್ಲ, ಕೈ ಅಲುಗಿಲ್ಲ, ಲೆನ್ಸ್ ಒರೆಸಿ ಶುಭ್ರವಾಗಿಯೇ ಇದೆ. ಆದರೂ ಇಡೀ ಚಿತ್ರದ ಮೇಲೆ ತೆಳುವಾದ ಮಬ್ಬು ಹರಡಿದಂತಿದೆ.

ಮೊದಲು ಇದು ಯಾರನ್ನೂ ಅಷ್ಟಾಗಿ ಕಾಡುತ್ತಿರಲಿಲ್ಲ. ಸಿ.ಡಿ.ಯಲ್ಲಿ ಬರುತ್ತಿದ್ದ ವಿಡಿಯೊ ಹೇಗೂ ಮಸುಕೇ, ನೋಡುವ ಟಿವಿಯೂ ಚಿಕ್ಕದು. ಈಗ ಮನೆಯ ಗೋಡೆಯ ಮೇಲೆ ದೊಡ್ಡ 4ಕೆ ಟಿವಿ ಬಂದಿದೆ, ವಿಡಿಯೊದವರೂ 4ಕೆ ಕ್ಯಾಮೆರಾ ಹಿಡಿದೇ ಬರುತ್ತಾರೆ. ಹಣ ಕೊಟ್ಟವರು ಸಹಜವಾಗಿಯೇ ಕೇಳುತ್ತಾರೆ: ಇಷ್ಟು ಬೆಳಕಿದ್ದೂ ಚಿತ್ರ ಯಾಕೆ ಮಂಕು? ಅಪರಾಧ ಸಾಮಾನ್ಯವಾಗಿ ಲೆನ್ಸಿನ ಕೊರಳಿಗೆ ಬೀಳುತ್ತದೆ. ಕೆಲವರು ಸಾಲ ಮಾಡಿ ಇನ್ನೊಂದು ಲೆನ್ಸನ್ನೂ ಕೊಳ್ಳುತ್ತಾರೆ. ಆ ಹೊಸ ಲೆನ್ಸೂ ಮುಂದಿನ ಬೇಸಿಗೆಯಲ್ಲಿ ಅದನ್ನೇ ಮಾಡುತ್ತದೆ. ಏಕೆಂದರೆ ಇಲ್ಲಿ ಗಾಜಿನ ತಪ್ಪಿಲ್ಲ. ಬೆಳಕು ಒಳಗೆ ಬರುವ ಕಿಂಡಿ ಅತಿಯಾಗಿ ಕಿರಿದಾಗಿದೆ, ಅಷ್ಟೇ.

ಎಫ್ ಸಂಖ್ಯೆಯ ಲೆಕ್ಕ

ಲೆನ್ಸಿನೊಳಗೆ ತೆಳುವಾದ ಲೋಹದ ಎಸಳುಗಳು ವೃತ್ತಾಕಾರವಾಗಿ ಜೋಡಿಸಿಕೊಂಡಿರುತ್ತವೆ. ಅವು ಒಳಗೆ ಸರಿದರೆ ನಡುವಿನ ರಂಧ್ರ ಚಿಕ್ಕದಾಗುತ್ತದೆ, ಹೊರಗೆ ಸರಿದರೆ ದೊಡ್ಡದಾಗುತ್ತದೆ. ಈ ರಂಧ್ರವೇ ಅಪರ್ಚರ್. ವಿಡಿಯೊದವರ ಬಾಯಲ್ಲಿ ಅದು ಹೆಚ್ಚಾಗಿ ಐರಿಸ್.

ರಂಧ್ರದ ಅಳತೆಯನ್ನು ಎಫ್ 2.8, ಎಫ್ 4, ಎಫ್ 5.6, ಎಫ್ 8, ಎಫ್ 11, ಎಫ್ 16, ಎಫ್ 22 ಎಂದು ಹೇಳುತ್ತಾರೆ. ಲೆನ್ಸಿನ ನಾಭಿದೂರವನ್ನು (50 ಮಿಲಿಮೀಟರ್ ಲೆನ್ಸ್, 24 ಮಿಲಿಮೀಟರ್ ಲೆನ್ಸ್ ಎನ್ನುವಾಗ ಹೇಳುವ ಅಳತೆ) ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 2 ಎಂದರೆ ರಂಧ್ರದ ವ್ಯಾಸ 25 ಮಿಲಿಮೀಟರ್. ಎಫ್ 16 ಎಂದರೆ ಸುಮಾರು 3 ಮಿಲಿಮೀಟರ್. ಭಾಗಾಕಾರವಾದ್ದರಿಂದಲೇ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. ಹೊಸಬರು ಮೊದಲು ಎಡವುವುದು ಇಲ್ಲೇ. ಮೇಲಿನ ಸಾಲಿನಲ್ಲಿ ಒಂದು ಮೆಟ್ಟಿಲು ಮುಂದೆ ಹೋದರೆ, ಅಂದರೆ ಒಂದು ಸ್ಟಾಪ್ ಮುಚ್ಚಿದರೆ, ಒಳಬರುವ ಬೆಳಕು ಅರ್ಧವಾಗುತ್ತದೆ.

ನಮ್ಮ ಬಿಸಿಲಿನಲ್ಲಿ ಐರಿಸ್ ಎಲ್ಲಿಗೆ ಹೋಗಿ ನಿಲ್ಲುತ್ತದೆ

ಫೋಟೊ ತೆಗೆಯುವವರಿಗೆ ಒಂದು ಸೌಲಭ್ಯವಿದೆ. ಬೆಳಕು ಹೆಚ್ಚಾಯಿತೇ, ಶಟರ್ ವೇಗವನ್ನು (ಒಂದೊಂದು ಚಿತ್ರಕ್ಕೂ ಬೆಳಕು ಬೀಳುವ ಅವಧಿಯನ್ನು ನಿರ್ಧರಿಸುವುದು ಇದೇ) ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಏರಿಸಿ ಸುಮ್ಮನಾಗಬಹುದು. ವಿಡಿಯೊದವರಿಗೆ ಅಷ್ಟು ಸಲೀಸಲ್ಲ. ಸೆಕೆಂಡಿಗೆ 25 ಚೌಕಟ್ಟುಗಳನ್ನು ಚಿತ್ರೀಕರಿಸುವಾಗ ಶಟರನ್ನು ಐವತ್ತರಲ್ಲೊಂದು ಸೆಕೆಂಡಿನ ಆಸುಪಾಸಿನಲ್ಲಿ ಇಟ್ಟರೆ ಮಾತ್ರ ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಬಹಳ ವೇಗ ಮಾಡಿದರೆ ಕುಣಿಯುವವರ ಕೈಕಾಲು ಕಡಿದು ಕಡಿದು ಚಲಿಸಿದಂತೆ ತೋರುತ್ತದೆ. ನಮ್ಮ ವಿದ್ಯುತ್ ಸರಬರಾಜು 50 ಹರ್ಟ್ಸ್ ಇರುವುದರಿಂದ ದೀಪದ ಕೆಳಗೆ ಚಿತ್ರ ಮಿಟುಕದಿರಲೂ ಇದೇ ವೇಗ ಅನುಕೂಲ. ಹಾಗಾಗಿ ಶಟರ್ ಹೆಚ್ಚುಕಡಿಮೆ ಒಂದೇ ಕಡೆ ನಿಂತುಬಿಡುತ್ತದೆ.

ಇನ್ನು ಬೆಳಕಿನ ಲೆಕ್ಕ. ಛಾಯಾಗ್ರಾಹಕರಲ್ಲಿ ಹಳೆಯ ನಿಯಮವೊಂದಿದೆ: ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸಂವೇದಿ ಎಂದು ಹೇಳುವ ಸಂಖ್ಯೆ) 100 ಇದ್ದು, ಶಟರ್ ನೂರರಲ್ಲೊಂದು ಸೆಕೆಂಡು ಇದ್ದರೆ ಅಪರ್ಚರ್ ಎಫ್ 16 ಇರಬೇಕು. ಶಟರನ್ನು ಐವತ್ತರಲ್ಲೊಂದಕ್ಕೆ ಇಳಿಸಿದರೆ ಬೆಳಕು ದುಪ್ಪಟ್ಟಾಗುತ್ತದೆ, ಅಪರ್ಚರ್ ಎಫ್ 22ಕ್ಕೆ ಹೋಗಬೇಕಾಗುತ್ತದೆ. ಇತ್ತೀಚಿನ ಕ್ಯಾಮೆರಾಗಳಲ್ಲಿ ಬಣ್ಣ ತಿದ್ದಲು ಅನುಕೂಲವಾಗಲೆಂದು ಬಳಸುವ ಲಾಗ್ ಮಾದರಿಯಲ್ಲಿ ಐಎಸ್‌ಒ 800ರಿಂದಲೇ ಆರಂಭವಾಗುವುದುಂಟು. ಆಗ ಲೆಕ್ಕ ಎಫ್ 64ಕ್ಕೆ ಹೋಗಿ ಮುಟ್ಟುತ್ತದೆ. ಸಾಮಾನ್ಯ ಲೆನ್ಸುಗಳಲ್ಲಿ ಅಂಥ ಸಂಖ್ಯೆಯೇ ಇರುವುದಿಲ್ಲ.

ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಈ ಲೆಕ್ಕವನ್ನು ಅದೇ ಮಾಡಿಕೊಂಡು, ಯಾರಿಗೂ ಹೇಳದೆ ಐರಿಸನ್ನು ಕೊನೆಯ ಮೆಟ್ಟಿಲಿನವರೆಗೆ ಮುಚ್ಚಿಬಿಡುತ್ತದೆ. ಚಿತ್ರದ ಬೆಳಕು ಸರಿಯಾಗಿರುತ್ತದೆ. ಪರದೆಯ ಮೂಲೆಯಲ್ಲಿರುವ ಸಣ್ಣ ಅಕ್ಷರದ 'ಎಫ್ 22' ಯಾರ ಗಮನಕ್ಕೂ ಬರುವುದಿಲ್ಲ.

ಎರಡು ಬಂಡೆಗಳ ನಡುವೆ ನುಗ್ಗಿದ ಅಲೆ

ರಂಧ್ರ ಚಿಕ್ಕದಾದರೆ ಬೆಳಕು ಕಡಿಮೆಯಾಗಬೇಕು, ಸರಿ. ಚಿತ್ರ ಏಕೆ ಮಸುಕಾಗಬೇಕು? ಬೆಳಕು ಬಾಣದಂತೆ ನೆಟ್ಟಗೆ ಹೋಗುತ್ತದೆ ಎಂದಷ್ಟೇ ತಿಳಿದುಕೊಂಡರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬೆಳಕು ಅಲೆಯೂ ಹೌದು.

ಆನೆಗೊಂದಿಯ ಬಳಿ ತುಂಗಭದ್ರೆಯ ದಡದಲ್ಲಿ ನೀರು ನಿಂತಂತಿರುವ ಕಡೆ ಇದನ್ನು ಕಣ್ಣಾರೆ ನೋಡಬಹುದು. ತೆಪ್ಪವೊಂದು ಹಾದುಹೋದಾಗ ಎದ್ದ ಅಲೆಗಳು ಸಾಲು ಸಾಲಾಗಿ ದಡದತ್ತ ಬರುತ್ತವೆ. ದಾರಿಯಲ್ಲಿ ಎರಡು ಬಂಡೆಗಳಿದ್ದು ಅವುಗಳ ನಡುವಿನ ಸಂದು ಅಗಲವಾಗಿದ್ದರೆ, ಅಲೆ ಅಷ್ಟೇ ಅಗಲದ ಪಟ್ಟಿಯಾಗಿ ನೇರ ಮುಂದೆ ಸಾಗುತ್ತದೆ. ಅಂಚಿನಲ್ಲಿ ಮಾತ್ರ ತುಸು ಬಾಗುತ್ತದೆ. ಸಂದು ಒಂದೆರಡು ಅಲೆಗಳಷ್ಟೇ ಅಗಲವಿದ್ದರೆ ಕತೆ ಬೇರೆ. ಒಳನುಗ್ಗಿದ ಅಲೆ ಆಚೆ ಬದಿಯಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಅರ್ಧವೃತ್ತವಾಗಿ ಎಲ್ಲ ದಿಕ್ಕಿಗೂ ಹರಡಿ, ಬಂಡೆಗಳ ಬೆನ್ನಿಗಿರುವ ನೀರನ್ನೂ ಕದಡುತ್ತದೆ. ಸಂದು ಕಿರಿದಾದಷ್ಟೂ ಹರಡಿಕೆ ಹೆಚ್ಚು.

ಲೆನ್ಸಿನ ರಂಧ್ರದಲ್ಲಿ ಬೆಳಕು ಮಾಡುವುದೂ ಇದನ್ನೇ. ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಇದರ ಹೆಸರು ವಿವರ್ತನೆ. ಬೆಳಕಿನ ಅಲೆ ನೀರಿನ ಅಲೆಗಿಂತ ಊಹೆಗೆ ನಿಲುಕದಷ್ಟು ಸಣ್ಣದು. ಹಸಿರು ಬೆಳಕಿನ ತರಂಗಾಂತರ ಸುಮಾರು 0.55 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಹತ್ತಿರ. ಅದಕ್ಕೇ 3 ಮಿಲಿಮೀಟರ್ ರಂಧ್ರದಲ್ಲಿ ಬೆಳಕು ಅರ್ಧವೃತ್ತವಾಗಿ ಹರಡುವುದಿಲ್ಲ, ಕೂದಲೆಳೆಯಷ್ಟು ಬಾಗುತ್ತದೆ. ಕ್ಯಾಮೆರಾಕ್ಕೆ ಅಷ್ಟೇ ಸಾಕು.

ಇದನ್ನು ಮೊದಲು ವಿವರವಾಗಿ ಗಮನಿಸಿ ಬರೆದವನು ಇಟಲಿಯ ಪಾದ್ರಿ ಫ್ರಾಂಚೆಸ್ಕೊ ಮರಿಯಾ ಗ್ರಿಮಾಲ್ಡಿ. ಕತ್ತಲೆ ಕೋಣೆಗೆ ಚಿಕ್ಕ ರಂಧ್ರದಿಂದ ಬಿಸಿಲು ಬಿಟ್ಟಾಗ ಬೆಳಕಿನ ಗುರುತು ಇರಬೇಕಾದದ್ದಕ್ಕಿಂತ ಅಗಲವಾಗಿ, ಅಂಚಿನಲ್ಲಿ ಬಣ್ಣದ ಪಟ್ಟೆಗಳೊಂದಿಗೆ ಬಿದ್ದದ್ದನ್ನು ಅವನು ದಾಖಲಿಸಿದ. ಅವನ ಪುಸ್ತಕ ಹೊರಬಂದದ್ದು 1665ರಲ್ಲಿ, ಅವನು ತೀರಿಕೊಂಡ ಮೇಲೆ. ಗುಂಡನೆಯ ರಂಧ್ರದಲ್ಲಿ ಬೆಳಕು ಎಷ್ಟು ಹರಡುತ್ತದೆ ಎಂಬ ಗಣಿತವನ್ನು 1835ರಲ್ಲಿ ಕೊಟ್ಟವನು ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ. ನಮ್ಮ ಸಿ.ವಿ. ರಾಮನ್ ಅವರ ಮೊಟ್ಟಮೊದಲ ಸಂಶೋಧನಾ ಲೇಖನವೂ ಇದೇ ವಿಷಯದ್ದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಆಯತಾಕಾರದ ರಂಧ್ರದಲ್ಲಿ ಮೂಡುವ ವಿವರ್ತನೆಯ ಪಟ್ಟೆಗಳ ಬಗ್ಗೆ ಅವರು ಬರೆದದ್ದು 1906ರಲ್ಲಿ ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಹಂಪಿಯ ತಲೆಕೆಳಗಾದ ಗೋಪುರ

ರಂಧ್ರ ಚಿಕ್ಕದಾದರೆ ಚಿತ್ರ ಸ್ಪಷ್ಟವಾಗುತ್ತದೆ ಎಂಬ ನಂಬಿಕೆಯೂ ಸುಳ್ಳಲ್ಲ. ಹೊಳೆಯ ಆಚೆ ದಡದ ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಮೊನ್ನೆಮೊನ್ನೆಯವರೆಗೆ ಬಳ್ಳಾರಿ ಜಿಲ್ಲೆಯದೇ. ಅಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ಬಿಂಬ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೋಡದೆ ಬರುವವರು ಕಡಿಮೆ. ಲೆನ್ಸಿಲ್ಲ, ಬರೀ ಒಂದು ಕಿಂಡಿ. ಗೋಪುರದ ಮೇಲಿನಿಂದ ಬಂದ ಬೆಳಕು ಕಿಂಡಿಯ ಮೂಲಕ ಕೆಳಕ್ಕೂ, ಕೆಳಗಿನಿಂದ ಬಂದದ್ದು ಮೇಲಕ್ಕೂ ಹೋಗಿ ಬೀಳುವುದರಿಂದ ಬಿಂಬ ತಲೆಕೆಳಗು.

ಆ ಬಿಂಬದ ಅಂಚು ಮಸುಕು ಮಸುಕಾಗಿರುತ್ತದೆ. ಕಿಂಡಿ ಅಗಲವಾಗಿರುವುದರಿಂದ ಗೋಪುರದ ಒಂದೊಂದು ಬಿಂದುವಿನ ಬೆಳಕೂ ಕಿಂಡಿಯಷ್ಟೇ ಅಗಲದ ಗುರುತಾಗಿ ಬೀಳುತ್ತದೆ. ಕಿಂಡಿಯನ್ನು ಕಿರಿದು ಮಾಡಿದರೆ ಆ ಗುರುತುಗಳೂ ಕಿರಿದಾಗಿ ಬಿಂಬ ತಿಳಿಯಾಗುತ್ತದೆ. ಹಾಗಾದರೆ ಕಿರಿದು ಮಾಡುತ್ತಲೇ ಹೋದರೆ? ಒಂದು ಹಂತದವರೆಗೆ ತಿಳಿಯಾಗುತ್ತದೆ, ಆಮೇಲೆ ವಿವರ್ತನೆ ಮೇಲುಗೈ ಸಾಧಿಸಿ ಬಿಂಬ ಮತ್ತೆ ಕಲಕುತ್ತದೆ. ಕಿಂಡಿಯಿಂದ 4 ಮೀಟರ್ ದೂರದ ಗೋಡೆಗೆ ಸುಮಾರು 3 ಮಿಲಿಮೀಟರ್ ಅಗಲದ ಕಿಂಡಿ ಒಳ್ಳೆಯ ಬಿಂಬ ಕೊಡುತ್ತದೆ. ಅದಕ್ಕಿಂತ ದೊಡ್ಡದಾದರೂ ನಷ್ಟ, ಚಿಕ್ಕದಾದರೂ ನಷ್ಟ.

ಕ್ಯಾಮೆರಾ ಲೆನ್ಸಿಗೂ ಇಂಥದೇ ಎರಡು ಕಡೆಯ ಎಳೆದಾಟವಿದೆ. ಅಪರ್ಚರನ್ನು ಪೂರ್ತಿ ತೆರೆದಾಗ ಗಾಜಿನ ಅಂಚಿನ ಭಾಗದಲ್ಲಿ ಹಾದುಬಂದ ಕಿರಣಗಳು ನಡುವಿನ ಕಿರಣಗಳೊಂದಿಗೆ ಸರಿಯಾಗಿ ಒಂದೇ ಕಡೆ ಸೇರುವುದಿಲ್ಲ. ಅದರಿಂದಲೂ ಚಿತ್ರ ತುಸು ಮೆದುವಾಗುತ್ತದೆ, ಮೂಲೆಗಳಲ್ಲಿ ಇನ್ನಷ್ಟು. ಎರಡು ಮೂರು ಸ್ಟಾಪ್ ಮುಚ್ಚಿದರೆ ಅಂಚಿನ ಕಿರಣಗಳು ಹೊರಗುಳಿದು ಚಿತ್ರ ಬಿಗಿಯಾಗುತ್ತದೆ. ಎಫ್ 2.8ರಿಂದ ಆರಂಭವಾಗುವ ಲೆನ್ಸುಗಳು ಎಫ್ 5.6ರ ಆಸುಪಾಸಿನಲ್ಲಿ ತಮ್ಮ ಅತ್ಯುತ್ತಮ ಚಿತ್ರ ಕೊಡುವುದು ಈ ಕಾರಣಕ್ಕೆ. ಅಲ್ಲಿಂದ ಮುಂದೆ ಗಾಜು ಎಷ್ಟೇ ದುಬಾರಿಯಾಗಿರಲಿ, ವಿವರ್ತನೆಯದೇ ರಾಜ್ಯ. ಲಕ್ಷ ರೂಪಾಯಿಯ ಲೆನ್ಸೂ ಹತ್ತು ಸಾವಿರದ ಲೆನ್ಸೂ ಎಫ್ 22ರಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಕೂರುತ್ತವೆ.

ಬಿಂದು ತಟ್ಟೆಯಾಗುವ ಪರಿ

ದೂರದ ಒಂದು ಬೆಳಕಿನ ಬಿಂದುವನ್ನು ದೋಷವೇ ಇಲ್ಲದ ಲೆನ್ಸ್ ಕೂಡ ಬಿಂದುವಾಗಿ ಮೂಡಿಸಲಾರದು. ನಡುವೆ ಉಜ್ವಲವಾದ ಪುಟ್ಟ ತಟ್ಟೆ, ಅದರ ಸುತ್ತ ಕ್ಷೀಣಿಸುತ್ತ ಹೋಗುವ ಉಂಗುರಗಳು, ಹೀಗೆ ಮೂಡಿಸುತ್ತದೆ. ಇದಕ್ಕೆ ಏರಿ ತಟ್ಟೆ ಎಂದು ಹೆಸರು. ಅದರ ವ್ಯಾಸ ಕಂಡುಹಿಡಿಯುವುದು ಸುಲಭ: ತರಂಗಾಂತರವನ್ನು ಎಫ್ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಮತ್ತೆ 2.44ರಿಂದ ಗುಣಿಸಿದರೆ ಆಯಿತು. ಹಸಿರು ಬೆಳಕಿಗೆ ಎಫ್ 4ರಲ್ಲಿ ತಟ್ಟೆಯ ವ್ಯಾಸ ಸುಮಾರು 5.4 ಮೈಕ್ರಾನ್, ಎಫ್ 8ರಲ್ಲಿ 10.7, ಎಫ್ 16ರಲ್ಲಿ 21.5, ಎಫ್ 22ರಲ್ಲಿ 29.5.

ಈ ಲೆಕ್ಕದಲ್ಲಿ ಲೆನ್ಸಿನ ನಾಭಿದೂರದ ಮಾತೇ ಇಲ್ಲ. ಉದ್ದನೆಯ ಲೆನ್ಸಿನ ಎಫ್ 16 ರಂಧ್ರ ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡದು, ಆದ್ದರಿಂದ ಬೆಳಕು ಕಡಿಮೆ ಬಾಗುತ್ತದೆ ನಿಜ. ಆದರೆ ಅಲ್ಲಿಂದ ಸೆನ್ಸರಿಗೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕಕ್ಕೆ, ದೂರವೂ ಹೆಚ್ಚು. ಬಾಗಿದ ಬೆಳಕಿಗೆ ಹರಡಲು ಅಷ್ಟೇ ಹೆಚ್ಚು ಅವಕಾಶ. ಎರಡೂ ಸರಿದೂಗಿ ಕೊನೆಗೆ ಉಳಿಯುವುದು ಎಫ್ ಸಂಖ್ಯೆಯೊಂದೇ.

ಚಿತ್ರವೆಂದರೆ ಇಂಥ ಕೋಟ್ಯಂತರ ತಟ್ಟೆಗಳು ಒಂದರ ಪಕ್ಕ ಒಂದು ಬಿದ್ದದ್ದು. ತಟ್ಟೆಗಳು ಚಿಕ್ಕವಿದ್ದರೆ ಜರಿಯ ಎಳೆ, ಪಕ್ಕದ ರೇಷ್ಮೆಯ ಎಳೆ ಬೇರೆ ಬೇರೆಯಾಗಿ ಉಳಿಯುತ್ತವೆ. ದೊಡ್ಡವಾದರೆ ಒಂದರ ಬೆಳಕು ಇನ್ನೊಂದರ ಮೇಲೆ ಚೆಲ್ಲಿ, ಹೊಳಪಿನ ಎಳೆ ತುಸು ಕಪ್ಪಾಗಿ, ಕಪ್ಪು ಎಳೆ ತುಸು ಬೆಳ್ಳಗಾಗಿ, ಎರಡೂ ನಡುವಿನ ಬಣ್ಣಕ್ಕೆ ಇಳಿಯುತ್ತವೆ. ಫೋಕಸ್ ತಪ್ಪಿದಾಗ ಒಂದು ವಸ್ತು ಮಸುಕಾಗಿ ಅದರ ಮುಂದಿನದೋ ಹಿಂದಿನದೋ ಸ್ಪಷ್ಟವಾಗಿರುತ್ತದೆ. ವಿವರ್ತನೆಯಲ್ಲಿ ಹಾಗಲ್ಲ. ಹತ್ತಿರದ್ದು, ದೂರದ್ದು, ನಡುವಿನದು, ಮೂಲೆಯದು ಎಲ್ಲವೂ ಸಮಸಮವಾಗಿ ಮೆದುವಾಗುತ್ತವೆ. ರೋಗ ಗುರುತಿಸಲು ಇದು ನಂಬಬಹುದಾದ ಲಕ್ಷಣ.

ಸೆನ್ಸರ್ ಚಿಕ್ಕದಾದಷ್ಟೂ ಬೇಗ ತಟ್ಟುತ್ತದೆ

ತಟ್ಟೆ 10 ಮೈಕ್ರಾನ್ ಇದೆ ಎಂದರೆ ಅದು ದೊಡ್ಡದೋ ಚಿಕ್ಕದೋ? ಸೆನ್ಸರ್ ಎಷ್ಟು ಅಗಲವಿದೆ ಎಂಬುದರ ಮೇಲೆ ಉತ್ತರ ನಿಂತಿದೆ. 4ಕೆ ವಿಡಿಯೊದ ಒಂದು ಅಡ್ಡಸಾಲಿನಲ್ಲಿ 3840 ಪಿಕ್ಸೆಲ್‌ಗಳಿರುತ್ತವೆ. 36 ಮಿಲಿಮೀಟರ್ ಅಗಲದ ಫುಲ್ ಫ್ರೇಮ್ ಸೆನ್ಸರಿನಲ್ಲಿ ಒಂದೊಂದಕ್ಕೆ 9.4 ಮೈಕ್ರಾನ್ ಜಾಗ ಸಿಗುತ್ತದೆ. ಮದುವೆ ವಿಡಿಯೊದವರು ಬಹಳವಾಗಿ ಬಳಸುವ, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಎಂಬ ಸೆನ್ಸರಿನಲ್ಲಿ ಸುಮಾರು 6 ಮೈಕ್ರಾನ್. 1 ಇಂಚಿನದೆಂದು ಕರೆಯುವ ಸೆನ್ಸರಿನಲ್ಲಿ ಸುಮಾರು ಮೂರೂವರೆ ಮೈಕ್ರಾನ್. (1 ಇಂಚಿನ ಸೆನ್ಸರ್ ನಿಜಕ್ಕೂ 13.2 ಮಿಲಿಮೀಟರ್ ಅಗಲವಷ್ಟೇ ಇರುತ್ತದೆ. ಈ ಹೆಸರು ಹಳೆಯ ಟಿವಿ ಕ್ಯಾಮೆರಾದ ಗಾಜಿನ ಕೊಳವೆಗಳ ಕಾಲದ್ದು, ಇನ್ನೂ ಬಿಟ್ಟುಹೋಗಿಲ್ಲ.)

ಏರಿ ತಟ್ಟೆ ಎರಡು ಪಿಕ್ಸೆಲ್‌ಗಳನ್ನು ದಾಟಿದಾಗ ಮಸುಕು ಕಣ್ಣಿಗೆ ತಿಳಿಯಲಾರಂಭಿಸುತ್ತದೆ ಎಂಬ ಒರಟು ಲೆಕ್ಕವನ್ನು ಇಟ್ಟುಕೊಂಡರೆ, ಫುಲ್ ಫ್ರೇಮಿನಲ್ಲಿ ಎಫ್ 16ರ ಹೊತ್ತಿಗೆ, ಎಪಿಎಸ್-ಸಿಯಲ್ಲಿ ಎಫ್ 11ರ ಹೊತ್ತಿಗೆ, 1 ಇಂಚಿನದರಲ್ಲಿ ಎಫ್ 5.6ರ ಹೊತ್ತಿಗೆ ತೊಂದರೆ ಶುರು. ಇದು ಗೆರೆ ಎಳೆದಂತೆ ಒಮ್ಮೆಲೇ ಆಗುವುದಲ್ಲ. ಎಫ್ 11ರಲ್ಲಿ ಚೆನ್ನಾಗಿದ್ದದ್ದು ಎಫ್ 13ಕ್ಕೆ ಕೆಟ್ಟುಹೋಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬಿಗಿ ಸಡಿಲವಾಗುತ್ತ ಹೋಗುತ್ತದೆ.

ಊರೂರಿನ ಸ್ಟುಡಿಯೊಗಳಲ್ಲಿ ಬಹಳ ವರ್ಷ ಆಳಿದ ಹ್ಯಾಂಡಿಕ್ಯಾಮ್ ಬಗೆಯ ಕ್ಯಾಮೆರಾಗಳ ಸ್ಥಿತಿ ಇನ್ನೂ ಕಷ್ಟ. ಮೂರನೇ ಒಂದು ಇಂಚಿನ ಅವುಗಳ ಸೆನ್ಸರ್ ಅಗಲ 5 ಮಿಲಿಮೀಟರಿನಷ್ಟು. ಎಚ್‌ಡಿ ವಿಡಿಯೊದಲ್ಲೇ ಪಿಕ್ಸೆಲ್ಲಿಗೆ ಸಿಗುವ ಜಾಗ ಎರಡೂವರೆ ಮೈಕ್ರಾನ್. ಎಫ್ 11ಕ್ಕೆ ಹೋದರೆ ಒಂದು ತಟ್ಟೆ ಆರು ಪಿಕ್ಸೆಲ್‌ಗಳ ಅಗಲಕ್ಕೆ ಹರಡುತ್ತದೆ! ಅಂಥ ಅನೇಕ ಕ್ಯಾಮೆರಾಗಳಲ್ಲಿ ಐರಿಸ್ ಎಫ್ 11ರಿಂದ ಮುಂದೆ ಮುಚ್ಚಲು ಬಿಡುವುದೇ ಇಲ್ಲ. ತಯಾರಕರಿಗೆ ಈ ಕತೆ ಚೆನ್ನಾಗಿಯೇ ಗೊತ್ತು.

ಇದಕ್ಕೆ ತದ್ವಿರುದ್ಧ ತುದಿಯೂ ಇದೆ. 1932ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದ ಛಾಯಾಗ್ರಾಹಕರು ಕಟ್ಟಿಕೊಂಡ ಗುಂಪಿನ ಹೆಸರೇ ಎಫ್ 64. ಅಂಚಿನಿಂದ ಅಂಚಿಗೆ ಸ್ಪಷ್ಟವಾದ ಚಿತ್ರ ಅವರ ಹಟ. ಎಫ್ 22ಕ್ಕೇ ಇಷ್ಟು ರಗಳೆಯಾದರೆ ಎಫ್ 64ರಲ್ಲಿ ಸ್ಪಷ್ಟತೆ ಹೇಗೆ? ಅಲ್ಲಿ ಬಳಸುತ್ತಿದ್ದ ದೊಡ್ಡ ಕ್ಯಾಮೆರಾಗಳ ಫಿಲ್ಮ್ ಹಾಳೆ 10 ಇಂಚು ಉದ್ದ, 8 ಇಂಚು ಅಗಲದವರೆಗೂ ಇರುತ್ತಿತ್ತು. ಎಫ್ 64ರ ತಟ್ಟೆ 86 ಮೈಕ್ರಾನ್ ಇದ್ದರೂ 10 ಇಂಚಿನ ಉದ್ದದಲ್ಲಿ ಅಂಥವು ಸುಮಾರು ಮೂರು ಸಾವಿರ ಪಕ್ಕಪಕ್ಕ ಕೂರುತ್ತವೆ. ಅದೇ ತಟ್ಟೆ 1 ಇಂಚಿನ ಸೆನ್ಸರಿನ ಅಗಲದಲ್ಲಿ ನೂರೈವತ್ತು ಮಾತ್ರ ಹಿಡಿಸುತ್ತವೆ. ಪುಸ್ತಕದಲ್ಲೋ ಯೂಟ್ಯೂಬಿನಲ್ಲೋ 'ಎಫ್ 16 ಇಟ್ಟರೆ ಎಲ್ಲ ಶಾರ್ಪ್' ಎಂದು ಯಾರಾದರೂ ಹೇಳಿದರೆ, ಯಾವ ಸೆನ್ಸರಿನ ಮಾತು ಎಂದು ಮೊದಲು ಕೇಳಬೇಕಾದದ್ದು ಇದಕ್ಕೇ.

ಹೀಗೆಂದು 4ಕೆಯನ್ನು ದೂರಬೇಕಾಗಿಲ್ಲ. ಅದೇ ಸೆನ್ಸರಿನಲ್ಲಿ ಎಚ್‌ಡಿ ತೆಗೆದರೂ ತಟ್ಟೆಯ ಗಾತ್ರ ಅಷ್ಟೇ. ಎಚ್‌ಡಿಯ ದೊಡ್ಡ ಪಿಕ್ಸೆಲ್‌ಗಳಲ್ಲಿ ಅದು ಅಡಗಿಕೊಳ್ಳುತ್ತಿತ್ತು, 4ಕೆಯಲ್ಲಿ ಬಯಲಿಗೆ ಬರುತ್ತದೆ.

ಎಲ್ಲ ಮಸುಕೂ ವಿವರ್ತನೆಯದಲ್ಲ

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇನ್ನೊಂದು ಶಂಕಿತನನ್ನು ಬಿಟ್ಟುಬಿಡುವಂತಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಮೇಲಿನ ತಂಪು ಗಾಳಿಯೊಂದಿಗೆ ಬೆರೆಯುವಾಗ ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ. ಜೂಮ್ ಮಾಡಿ ದೂರದ್ದನ್ನು ತೆಗೆದಾಗ ಕೋಟೆಯ ಗೋಡೆ ನೀರಿನೊಳಗಿದ್ದಂತೆ ಅಲುಗುತ್ತದೆ. ಈ ಝಳಕ್ಕೆ ಯಾವ ಅಪರ್ಚರೂ ಮದ್ದಲ್ಲ. ಹತ್ತಿರ ಹೋಗಬೇಕು, ಇಲ್ಲವೇ ಬೆಳಿಗ್ಗೆ ಬೇಗ ಹೋಗಬೇಕು. ಗುರುತಿಸುವುದು ಸುಲಭ: ಝಳದ ಮಸುಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ದೂರದ ವಸ್ತುವಿಗೆ ಮಾತ್ರ ತಗಲುತ್ತದೆ. ವಿವರ್ತನೆಯದು ಸ್ಥಿರ, ಎಲ್ಲಕ್ಕೂ ಒಂದೇ.

ಚಿತ್ರದಲ್ಲಿ ಆಕಾಶದ ಭಾಗದಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಅದು ಸೆನ್ಸರಿನ ಮೇಲಿನ ದೂಳು. ಐರಿಸ್ ಮುಚ್ಚಿದಾಗ ಅದರ ನೆರಳು ಗಟ್ಟಿಯಾಗಿ ಬೀಳುತ್ತದೆ, ತೆರೆದಾಗ ಕರಗಿಹೋಗುತ್ತದೆ. ಅದಿರಿನ ಲಾರಿ ಓಡಾಡುವ ಸಂಡೂರಿನ ಕಡೆ ಬಯಲಲ್ಲಿ ಲೆನ್ಸ್ ಬದಲಿಸಿದವರಿಗೆ ಇದರ ಪರಿಚಯ ಚೆನ್ನಾಗಿರುತ್ತದೆ.

ಬಂಡೆಯ ಮುಂದೆ ಒಂದು ಪರೀಕ್ಷೆ

ಮಾತಿಗಿಂತ ಕಣ್ಣು ಮೇಲು. ಸೂಕ್ಷ್ಮ ಕೆತ್ತನೆಗೆ ಹೆಸರಾದ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಇದಕ್ಕೆ ಸೊಗಸಾದ ಜಾಗ, ಆದರೆ ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಇಡಬೇಕಾದರೆ ಅನುಮತಿ ಬೇಕು. ಅಷ್ಟು ದೂರವೇಕೆ, ಈ ಮೂರೂ ಜಿಲ್ಲೆಗಳಲ್ಲಿ ಗ್ರಾನೈಟ್ ಬಂಡೆಗೇನು ಬರ? ಬಿಸಿಲು ಓರೆಯಾಗಿ ಬೀಳುವ ಬಂಡೆಯೊಂದರ ಮುಂದೆ ಎರಡು ಮೂರು ಮೀಟರ್ ದೂರದಲ್ಲಿ ಟ್ರೈಪಾಡ್ ಊರಿ, ಫೋಕಸನ್ನು ಕೈಯಿಂದ ಹೊಂದಿಸಿ ಹಾಗೆಯೇ ಬಿಡಿ. ಐಎಸ್‌ಒ ಮುಟ್ಟಬೇಡಿ. ಮೊದಲು ಎಫ್ 22, ಶಟರ್ ಐವತ್ತರಲ್ಲೊಂದು. ಆಮೇಲೆ ಎಫ್ 5.6, ಶಟರ್ ಎಂಟುನೂರರಲ್ಲೊಂದು. ಬಂಡೆ ಓಡಿಹೋಗುವುದಿಲ್ಲವಾದ್ದರಿಂದ ಶಟರ್ ಬದಲಾದರೂ ಚಿತ್ರದಲ್ಲಿ ವ್ಯತ್ಯಾಸ ಬರದು, ಬದಲಾಗುವುದು ರಂಧ್ರವೊಂದೇ.

ಎರಡನ್ನೂ ದೊಡ್ಡ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎಫ್ 5.6ರಲ್ಲಿ ಬಂಡೆಯ ಮೈ ಕಾಳು ಕಾಳಾಗಿರುತ್ತದೆ: ನಸುಗೆಂಪು ಹರಳು, ಗಾಜಿನಂಥ ಬೂದು ಹರಳು, ಅವುಗಳ ನಡುವೆ ಸಾಸಿವೆ ಒಡೆದು ಚೆಲ್ಲಿದಂಥ ಕಪ್ಪು ಅಭ್ರಕದ ಚೂರುಗಳು, ಒಂದೆರಡು ಕಡೆ ಬಿಸಿಲಿಗೆ ಮಿಂಚುವ ಚುಕ್ಕಿ. ಎಫ್ 22ರಲ್ಲಿ ಬಂಡೆಯ ಆಕಾರ, ಬಿರುಕು, ಬಣ್ಣ ಎಲ್ಲವೂ ಇರುತ್ತವೆ. ಆದರೆ ಕಪ್ಪು ಚೂರುಗಳು ಬೂದಿಗೆ ತಿರುಗಿರುತ್ತವೆ, ಮಿಂಚುವ ಚುಕ್ಕಿ ಮಿಂಚುವುದಿಲ್ಲ. ಎಡಿಟಿಂಗ್‌ನಲ್ಲಿ ಶಾರ್ಪ್‌ನೆಸ್ ಏರಿಸಿದರೆ ಬಿರುಕಿನ ಅಂಚು ಗಟ್ಟಿಯಾಗುತ್ತದೆ. ಅಭ್ರಕದ ಅತಿ ಸಣ್ಣ ಚೂರುಗಳು ಮಾತ್ರ ಮರಳುವುದಿಲ್ಲ. ತಗ್ಗಿದ ವೈದೃಶ್ಯವನ್ನು (ಕಾಂಟ್ರಾಸ್ಟ್) ಎತ್ತಬಹುದು, ಸೆನ್ಸರಿಗೆ ತಲುಪದೇ ಇದ್ದದ್ದನ್ನು ಎಲ್ಲಿಂದ ತರುವುದು?

ಮದ್ದು: ಕಪ್ಪು ಗಾಜು

ರಂಧ್ರ ಮುಚ್ಚದೆ ಬೆಳಕು ತಗ್ಗಿಸಬೇಕು. ಅದಕ್ಕಿರುವುದೇ ಎನ್‌ಡಿ ಫಿಲ್ಟರ್, ಅಂದರೆ ಬಣ್ಣ ಕೆಡಿಸದೆ ಬೆಳಕನ್ನು ಮಾತ್ರ ಹೀರುವ ಬೂದು ಗಾಜು. ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿದರೆ ಆಯಿತು. ಎನ್‌ಡಿ 8 ಎಂದರೆ ಎಂಟನೇ ಒಂದು ಭಾಗ ಬೆಳಕು ಒಳಬರುತ್ತದೆ, ಮೂರು ಸ್ಟಾಪ್ ಇಳಿಕೆ. ಎನ್‌ಡಿ 64 ಎಂದರೆ ಆರು ಸ್ಟಾಪ್. ಎಫ್ 22 ಕೇಳುತ್ತಿದ್ದ ಬಿಸಿಲಿಗೆ ಎನ್‌ಡಿ 64 ಹಾಕಿದರೆ ಎಫ್ 2.8ರಲ್ಲಿ ತೆಗೆಯಬಹುದು, ಎನ್‌ಡಿ 16 ಹಾಕಿದರೆ ಎಫ್ 5.6. ಲಾಗ್ ಮಾದರಿಯ ಐಎಸ್‌ಒ 800ರಲ್ಲಿ ಎಫ್ 64 ಕೇಳುತ್ತಿದ್ದ ಕಡೆ ಎನ್‌ಡಿ 64 ಎಫ್ 8ಕ್ಕೆ ತಂದು ನಿಲ್ಲಿಸುತ್ತದೆ.

ಟಿವಿ ಸುದ್ದಿಯವರ ದೊಡ್ಡ ಕ್ಯಾಮೆರಾಗಳಲ್ಲಿ ಇದು ಒಳಗೇ ಇರುತ್ತದೆ. ಪಕ್ಕದಲ್ಲಿರುವ ಚಕ್ರವನ್ನೋ ಸ್ವಿಚ್ಚನ್ನೋ ತಿರುಗಿಸಿದರೆ ನಾಲ್ಕನೇ ಒಂದು, ಹದಿನಾರನೇ ಒಂದು, ಅರವತ್ನಾಲ್ಕನೇ ಒಂದು ಭಾಗದ ಗಾಜು ಸರದಿಯಂತೆ ಬರುತ್ತದೆ. ಕೆಲವು ಕ್ಯಾಮೆರಾಗಳ ಪರದೆಯಲ್ಲಿ ಬಿಸಿಲಿಗೆ ಹೋದ ಕೂಡಲೇ 'ಎನ್‌ಡಿ' ಎಂಬ ಸೂಚನೆ ಮಿಟುಕುತ್ತದೆ. ಅದನ್ನು ಕಂಡೂ ಕಾಣದಂತೆ ಬಿಡುವವರೇ ಹೆಚ್ಚು, ಚಿತ್ರ ಹೇಗೂ ಸರಿಯಾದ ಬೆಳಕಿನಲ್ಲಿ ಬರುತ್ತಿರುತ್ತದಲ್ಲ!

ಕೊಳ್ಳುವಾಗ ಎರಡು ಮಾತು ನೆನಪಿರಲಿ. ತಿರುಗಿಸಿದಂತೆ ಕಪ್ಪೇರುವ ವೇರಿಯಬಲ್ ಎನ್‌ಡಿ ಬಲು ಅನುಕೂಲ, ಒಂದೇ ಫಿಲ್ಟರಿನಲ್ಲಿ ಬೆಳಗೂ ಮಧ್ಯಾಹ್ನವೂ ಸಾಗುತ್ತದೆ. ಆದರೆ ಅದು ಎರಡು ಪೋಲರೈಸರ್ ಗಾಜುಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜು) ಜೋಡಿ. ಅಗಲ ಕೋನದ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯ ಆಕಾರದಲ್ಲಿ ಕಪ್ಪು ಪಟ್ಟೆ ಮೂಡುತ್ತದೆ. ಇನ್ನು, ಅಗ್ಗದ ಗಾಢ ಎನ್‌ಡಿಗಳು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಕೆಂಪು ಕಿರಣಗಳನ್ನು ಹಾಗೇ ಬಿಡುವುದುಂಟು. ಆಗ ಮದುಮಗನ ಕಪ್ಪು ಕೋಟು ವಿಡಿಯೊದಲ್ಲಿ ಕಂದುಗೆಂಪಾಗಿ ಬರುತ್ತದೆ. ಹಣ ಉಳಿಸಿದವರು ಆಮೇಲೆ ಬಣ್ಣ ತಿದ್ದುತ್ತ ರಾತ್ರಿ ಕಳೆಯಬೇಕು.

ಫಿಲ್ಟರ್ ಕೈಯಲ್ಲಿಲ್ಲದ ದಿನ? ಮೊದಲು ಐಎಸ್‌ಒ ಅಥವಾ ಗೇನ್ ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ಇಳಿಸಿ. ಸಾಲದಿದ್ದರೆ ಶಟರನ್ನು ನೂರರಲ್ಲೊಂದಕ್ಕೋ ಇನ್ನೂರರಲ್ಲೊಂದಕ್ಕೋ ಏರಿಸಿ. ನಿಧಾನವಾಗಿ ಸಾಗುವ ಮೆರವಣಿಗೆಯಲ್ಲಿ ಇದರ ದೋಷ ಅಷ್ಟಾಗಿ ಕಾಣುವುದಿಲ್ಲ. ಎಫ್ 22ರ ಮಂಕಿಗಿಂತ ಅದೇ ವಾಸಿ. ಮರದ ನೆರಳು ಸಿಕ್ಕರೆ ಅದಕ್ಕಿಂತಲೂ ಒಳ್ಳೆಯದು.

ಮೊಬೈಲ್‌ಗೆ ಈ ಕಾಟವಿದೆಯೇ?

ಬಹುತೇಕ ಮೊಬೈಲ್‌ಗಳಲ್ಲಿ ಐರಿಸ್ ಎಂಬುದೇ ಇಲ್ಲ. ರಂಧ್ರ ಸದಾ ಎಫ್ 1.8ರ ಆಸುಪಾಸಿನಲ್ಲಿ ತೆರೆದೇ ಇರುತ್ತದೆ, ಬಿಸಿಲು ಹೆಚ್ಚಾದರೆ ಶಟರ್ ವೇಗವಾಗುತ್ತದೆ. ಅಷ್ಟು ಪುಟ್ಟ ಸೆನ್ಸರಿಗೆ ಅದಕ್ಕಿಂತ ಮುಚ್ಚಿದರೆ ಮಸುಕು ಬೇಗ ಶುರುವಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಾವನ ಮೊಬೈಲ್ ವಿಡಿಯೊ ಬಾಡಿಗೆ ಕ್ಯಾಮೆರಾದ ವಿಡಿಯೊಕ್ಕಿಂತ ತಿಳಿಯಾಗಿ ಕಂಡರೆ ಕಾರಣ ಇದು. ಚಲನೆ ಮಾತ್ರ ತುಸು ಕಡಿದಂತಿರುತ್ತದೆ.

ಬೇಕೆಂದೇ ಮುಚ್ಚುವುದು

ಹತ್ತಿರದ್ದೂ ದೂರದ್ದೂ ಒಟ್ಟಿಗೆ ಫೋಕಸಿನಲ್ಲಿರಲಿ ಎಂದು ಐರಿಸ್ ಮುಚ್ಚುವವರಿದ್ದಾರೆ. ಅದಕ್ಕೆ ಎಫ್ 22 ಬೇಕಾಗುವುದು ಅಪರೂಪ. ಫುಲ್ ಫ್ರೇಮಿನಲ್ಲಿ 24 ಮಿಲಿಮೀಟರ್ ಲೆನ್ಸನ್ನು ಎಫ್ 8ರಲ್ಲಿಟ್ಟು ಸುಮಾರು ಎರಡೂವರೆ ಮೀಟರಿಗೆ ಫೋಕಸ್ ಮಾಡಿದರೆ, ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಒಪ್ಪಿಕೊಳ್ಳುವಷ್ಟು ಸ್ಪಷ್ಟ. ಚಿಕ್ಕ ಸೆನ್ಸರಿನಲ್ಲಿ ಎಫ್ 4ರಲ್ಲೇ ಇದು ಸಿಗುತ್ತದೆ. ಆಭರಣವನ್ನೋ ಕಿನ್ನಾಳದ ಗೊಂಬೆಯ ಕಣ್ಣನ್ನೋ ತೀರಾ ಹತ್ತಿರದಿಂದ ತೆಗೆಯುವಾಗ ಮಾತ್ರ ಎಫ್ 11, ಎಫ್ 16ಕ್ಕೆ ಹೋಗಲೇಬೇಕಾಗುತ್ತದೆ, ಅಲ್ಲಿ ತುಸು ಮಸುಕನ್ನು ಒಪ್ಪಿಕೊಳ್ಳುವುದು ಜಾಣತನ.

ಇನ್ನೊಂದು ಸಂದರ್ಭ ಸೂರ್ಯನದು. ಅಂಜನಾದ್ರಿಯ ಮೇಲಿಂದ ಸೂರ್ಯೋದಯ ತೆಗೆಯುವವರು ಎಫ್ 16ಕ್ಕೆ ಮುಚ್ಚಿದರೆ ಸೂರ್ಯನ ಸುತ್ತ ಚೂಪಾದ ಕಿರಣಗಳು ನಕ್ಷತ್ರದಂತೆ ಚಾಚಿಕೊಳ್ಳುತ್ತವೆ. ಇದೂ ವಿವರ್ತನೆಯದೇ ಕೈಚಳಕ: ಐರಿಸಿನ ಎಸಳುಗಳ ನೇರ ಅಂಚಿನಲ್ಲಿ ಬೆಳಕು ಬಾಗಿ ಆಯಾ ಅಂಚಿಗೆ ಅಡ್ಡಲಾಗಿ ಎರಡೂ ಬದಿಗೆ ಚಾಚುತ್ತದೆ. ಆರು ಎಸಳಿನ ಲೆನ್ಸಿನಲ್ಲಿ ಎದುರುಬದುರಿನ ಅಂಚುಗಳ ಕಿರಣಗಳು ಒಂದರ ಮೇಲೊಂದು ಬಿದ್ದು ಆರೇ ಕಿರಣ ಕಾಣುತ್ತವೆ. ಏಳು ಎಸಳಿದ್ದರೆ ಹಾಗೆ ಜೋಡಿಯಾಗುವುದಿಲ್ಲ, ಹದಿನಾಲ್ಕು ಕಿರಣ. ನಕ್ಷತ್ರ ಬೇಕೆಂದು ಮುಚ್ಚಿದ ಆ ಶಾಟಿನಲ್ಲಿ ಮುಂದಿನ ಬಂಡೆಗಳು ಮೆದುವಾಗಿಯೇ ಬರುತ್ತವೆ. ಟ್ರೈಪಾಡ್ ಕದಲಿಸದೆ ಎಫ್ 5.6ರಲ್ಲಿ ಇನ್ನೊಂದು ಶಾಟ್ ತೆಗೆದಿಟ್ಟುಕೊಂಡರೆ ಎಡಿಟಿಂಗ್‌ನಲ್ಲಿ ಸೂರ್ಯನನ್ನು ಒಂದರಿಂದ, ಬಂಡೆಗಳನ್ನು ಇನ್ನೊಂದರಿಂದ ತೆಗೆದುಕೊಳ್ಳಬಹುದು.